ನೆರೆಮನೆಯ ಭಾಷೆಗೆ ದೂರದ ದಾರಿ

ಇಮ್ಮಡಿ ಪುಲಕೇಶಿ ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿ ಕನ್ನಡನಾಡಿನಲ್ಲಿ ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ 'ಆಧಾರಗಳನ್ನು ತಿಳಿಸಿ' ಎಂದು ಕೇಳಿದರೆ ಎರಡು ಹೆಸರು ಬರೆಯುತ್ತಿದ್ದೆವು. ಒಂದು, ರವಿಕೀರ್ತಿಯ ಐಹೊಳೆ ಶಾಸನ. ಇನ್ನೊಂದು, ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನ ಬರಹ.

ಮೊದಲನೆಯದು ನಮ್ಮ ನೆಲದಲ್ಲೇ ಇದೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ, ಕ್ರಿ.ಶ. 634ರಲ್ಲಿ ಕೆತ್ತಿದ್ದು. ಆದರೆ ಅದು ಆಸ್ಥಾನ ಕವಿಯ ಮಾತು. ದೊರೆಯನ್ನು ಹೊಗಳುವುದು ಅವನ ಕೆಲಸ. ಅಂಥ ಮಾತನ್ನು ಅರ್ಧ ನಂಬಿ ಅರ್ಧ ಬಿಡುವುದು ಇತಿಹಾಸಕಾರರ ವಾಡಿಕೆ. ಎರಡನೆಯ ಸಾಕ್ಷಿ ಹಾಗಲ್ಲ. ಹ್ಯುಯೆನ್ ತ್ಸಾಂಗ್ ಹರ್ಷನಿಂದಲೇ ಆದರ, ಆತಿಥ್ಯ ಪಡೆದವನು. ಹರ್ಷನನ್ನು ಮನಸಾರೆ ಮೆಚ್ಚಿದವನು. ಅಂಥವನೇ, ಹರ್ಷ ಪೂರ್ವ ಪಶ್ಚಿಮಗಳನ್ನೆಲ್ಲ ಗೆದ್ದರೂ ಈ ಒಂದು ನಾಡಿನ ಜನ ಮಾತ್ರ ತಲೆಬಾಗಲಿಲ್ಲ, ಸ್ವತಃ ದಂಡೆತ್ತಿ ಹೋದರೂ ಗೆಲ್ಲಲಾಗಲಿಲ್ಲ ಎಂಬರ್ಥದ ಮಾತುಗಳನ್ನು ಬರೆದಿಟ್ಟಿದ್ದಾನೆ. ಹೊರಗಿನವನ ಈ ಮಾತಿನಿಂದ ಐಹೊಳೆಯ ಹೊಗಳಿಕೆಗೆ ಇತಿಹಾಸದ ತೂಕ ಬಂತು.

ಆದರೆ ಚೀನೀ ಭಾಷೆಯಲ್ಲಿದ್ದ ಆ ಮಾತು ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದು ಹೇಗೆ? ಚೀನಾದಿಂದ ನೇರವಾಗಿ ಅಲ್ಲ. ಪ್ಯಾರಿಸ್ಸಿನ ವಿದ್ವಾಂಸ ಸ್ತಾನಿಸ್ಲಾಸ್ ಜೂಲಿಯೆನ್ 1857-58ರಲ್ಲಿ ಅದನ್ನು ಫ್ರೆಂಚ್ ಭಾಷೆಗೆ ತಂದ. 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಇಂಗ್ಲಿಷಿಗೆ ತಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಥಾಮಸ್ ವಾಟರ್ಸ್‌ನ ಟಿಪ್ಪಣಿಗಳು ಬಂದವು. ಭಾರತದ ಇತಿಹಾಸಕಾರರು ಆಧಾರವಾಗಿ ಹಿಡಿದದ್ದು ಇವನ್ನೇ. ಕನ್ನಡದಲ್ಲಿ ಎಚ್.ಎಲ್. ನಾಗೇಗೌಡರು 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ವಿದೇಶೀ ಯಾತ್ರಿಕರ ಬರಹಗಳನ್ನು ಒಟ್ಟುಗೂಡಿಸಿ ಓದುಗರಿಗೆ ದೊಡ್ಡ ಉಪಕಾರ ಮಾಡಿದರು. ಆದರೂ ಚೀನೀ ಬರಹದ ಮಟ್ಟಿಗೆ ನಡುವೆ ಇಂಗ್ಲಿಷಿನ ಸೇತುವೆ ಇರಲೇಬೇಕಾಯಿತು. ಬಾದಾಮಿಯ ದೊರೆಯ ಕೀರ್ತಿ ಚೀನಾದಿಂದ ಪ್ಯಾರಿಸ್ಸಿಗೆ, ಲಂಡನ್ನಿಗೆ ಹೋಗಿ, ಅಲ್ಲಿಂದ ಬಾದಾಮಿಗೆ ಬಂತು!

ನೆರೆಯ ದೇಶವನ್ನು ಮೂರನೆಯವರ ಕಣ್ಣಿನಿಂದ ನೋಡುವ ಈ ಅಭ್ಯಾಸವನ್ನು ಬಿಡಿಸಬೇಕೆಂದು ಹೊರಟವರು ನಮ್ಮಲ್ಲೂ ಇದ್ದರು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಚೀನೀ ಭಾಷೆ, ಸಂಸ್ಕೃತಿ, ಸಮಾಜಗಳ ಉನ್ನತ ಅಧ್ಯಯನ ಬೆಳೆದದ್ದು ಅವರಿಂದ. ಅದು ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ಕಥೆ.

ಹೆಸರೆಂಬ ಒಗಟು

ಚೀನೀ ಬಲ್ಲವರಿಗೆ ಸಂಸ್ಕೃತ ಗೊತ್ತಿಲ್ಲದಿದ್ದರೆ, ಸಂಸ್ಕೃತ ಬಲ್ಲವರಿಗೆ ಚೀನೀ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಚೀನೀ ಲಿಪಿಯಲ್ಲಿ ನಮ್ಮಂತೆ ಸ್ವರ, ವ್ಯಂಜನಗಳಿಲ್ಲ. ಒಂದೊಂದು ಅಕ್ಷರಚಿಹ್ನೆಗೂ ಒಂದು ಉಚ್ಚಾರ, ಒಂದು ಅರ್ಥ ಇರುತ್ತದೆ. ಪರದೇಶದ ಹೆಸರನ್ನು ಬರೆಯಬೇಕಾದರೆ ಎರಡು ದಾರಿ. ಉಚ್ಚಾರ ಹೋಲುವ ಚಿಹ್ನೆಗಳನ್ನು ಸಾಲಾಗಿ ಜೋಡಿಸುವುದು ಒಂದು. ಹೆಸರಿನ ಅರ್ಥವನ್ನೇ ಅನುವಾದಿಸುವುದು ಇನ್ನೊಂದು. ಹ್ಯುಯೆನ್ ತ್ಸಾಂಗ್ ಎರಡನ್ನೂ ಬಳಸಿದ. ಪುಲಕೇಶಿಯ ಹೆಸರನ್ನು ನಾಲ್ಕು ಚಿಹ್ನೆಗಳಲ್ಲಿ ಬರೆದ. ಇಂದಿನ ಚೀನೀ ಉಚ್ಚಾರದಲ್ಲಿ ಓದಿದರೆ ಅದು 'ಪು-ಲುವೊ-ಚಿ-ಷ' ಎಂಬಂತೆ ಕೇಳುತ್ತದೆ. ಹರ್ಷನ ಬಿರುದು 'ಶೀಲಾದಿತ್ಯ'ವನ್ನು ಮಾತ್ರ ಅರ್ಥ ಹಿಡಿದು ಎರಡೇ ಚಿಹ್ನೆಗಳಲ್ಲಿ ಮುಗಿಸಿದ. ಒಂದು ಚಿಹ್ನೆಗೆ ಶೀಲ ಎಂದರ್ಥ, ಇನ್ನೊಂದಕ್ಕೆ ಸೂರ್ಯ ಎಂದರ್ಥ. ಸಂಸ್ಕೃತ ತಿಳಿಯದ ಚೀನೀ ಪಂಡಿತನಿಗೆ ಇದು 'ಶೀಲದ ಸೂರ್ಯ' ಎಂಬ ಯಾರೋ ಅರಸ. ಸಂಸ್ಕೃತ ತಿಳಿದವನಿಗೆ ತಕ್ಷಣ ಶೀಲಾದಿತ್ಯ ಹೊಳೆಯುತ್ತಾನೆ.

ಈ ಒಗಟನ್ನು ಬಿಡಿಸುವುದಕ್ಕೆಂದೇ ಜೂಲಿಯೆನ್ 1861ರಲ್ಲಿ ಒಂದು ಪುಸ್ತಕ ಬರೆದ. ಚೀನೀ ಗ್ರಂಥಗಳಲ್ಲಿ ಬರುವ ಸಂಸ್ಕೃತ ಹೆಸರುಗಳನ್ನು ಗುರುತಿಸುವ ಕ್ರಮವೇ ಅದರ ವಿಷಯ. ಆ ಯಾತ್ರಿಕನ ಹೆಸರಿನ ಪಾಡೇ ನೋಡಿ. ನಮ್ಮ ತಂದೆತಾಯಿಗಳ ಪಠ್ಯದಲ್ಲಿ ಹುಯೆನ್ ತ್ಸಾಂಗ್, ನಮ್ಮದರಲ್ಲಿ ಹ್ಯುಯೆನ್ ತ್ಸಾಂಗ್, ಈಚಿನ ಪುಸ್ತಕಗಳಲ್ಲಿ ಷ್ವಾನ್‌ಜಾಂಗ್. ವ್ಯಕ್ತಿ ಒಬ್ಬನೇ. ಬದಲಾದದ್ದು ಐರೋಪ್ಯರು ಚೀನೀ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆದ ಕ್ರಮ. ಅದನ್ನು ನೋಡಿ ನಾವು ಕನ್ನಡದಲ್ಲಿ ಬರೆದುಕೊಂಡೆವು.

ಸಂಸ್ಕೃತ, ಪಾಲಿಗಳ ನೆಲದವರು ಚೀನೀ ಕಲಿತರೆ ಈ ಕೆಲಸದಲ್ಲಿ ಐರೋಪ್ಯರಿಗಿಂತ ಒಂದು ಹೆಜ್ಜೆ ಮುಂದಿರಬಲ್ಲರು. ಈ ಯೋಚನೆ ಮೊದಲು ಮೊಳೆತದ್ದು ಕಲ್ಕತ್ತೆಯಲ್ಲಿ.

ಕಲ್ಕತ್ತೆಯ ಬೀಜ

ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಶಿಕ್ಷಣಕ್ಕೆ ಗಟ್ಟಿ ತಳಪಾಯ ಹಾಕಿದವರು ಸರ್ ಆಶುತೋಷ್ ಮುಖರ್ಜಿ. ಅವರ ಕಾಲದಲ್ಲಿ, 1918ರ ಹೊತ್ತಿಗೆ, ಅಲ್ಲಿ ಚೀನೀ ಕಲಿಕೆಯ ಆರಂಭವಾಯಿತು. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ವಿಶ್ವಭಾರತಿಯನ್ನು ಕಟ್ಟುತ್ತಿದ್ದ ದಿನಗಳೂ ಅವೇ. 1921ರಲ್ಲಿ ಠಾಕೂರರು ಪ್ಯಾರಿಸ್ಸಿನ ಸಿಲ್ವಾನ್ ಲೆವಿಯವರನ್ನು ಅತಿಥಿ ಪ್ರಾಧ್ಯಾಪಕರಾಗಿ ಕರೆಸಿದರು. ಲೆವಿ ಸಂಸ್ಕೃತ, ಚೀನೀ, ಟಿಬೆಟನ್ ಮೂರನ್ನೂ ಬಲ್ಲವರು.

ಆಶುತೋಷರು ತಮ್ಮ ವಿಶ್ವವಿದ್ಯಾಲಯದ ಒಬ್ಬ ಯುವಕನನ್ನು ಲೆವಿಯವರ ಬಳಿ ಕಲಿಯಲು ಕಳಿಸಿದರು. ಆತನೇ ಪ್ರಬೋಧಚಂದ್ರ ಬಾಗ್ಚಿ. ಬಾಗ್ಚಿ ಗುರುಗಳ ಜತೆ ನೇಪಾಳಕ್ಕೆ ಹೋಗಿ ಹಸ್ತಪ್ರತಿಗಳನ್ನು ಹುಡುಕಿದರು, ಬಳಿಕ ಪ್ಯಾರಿಸ್ಸಿಗೆ ಹೋಗಿ ಚೀನೀ ಬೌದ್ಧ ಗ್ರಂಥರಾಶಿಯ ಮೇಲೆ ಸಂಶೋಧನೆ ಮಾಡಿದರು. ಭಾರತದಿಂದ ಚೀನಾಕ್ಕೆ ಹೋದ ಪಂಡಿತರು ಯಾರು, ಯಾವ ಗ್ರಂಥವನ್ನು ಯಾವಾಗ ಅನುವಾದಿಸಿದರು ಎಂಬುದನ್ನು ಅವರು ಚೀನೀ ಮೂಲಗಳಿಂದಲೇ ಕ್ರಮವಾಗಿ ಹೊರತೆಗೆದರು. 1944ರಲ್ಲಿ ಬಂದ ಅವರ 'ಇಂಡಿಯಾ ಅಂಡ್ ಚೈನಾ' ಎಂಬ ಪುಸ್ತಕ ಸಾವಿರ ವರ್ಷಗಳ ಸಾಂಸ್ಕೃತಿಕ ಸಂಬಂಧವನ್ನು ಸಾಮಾನ್ಯ ಓದುಗರಿಗೂ ತಿಳಿಯುವಂತೆ ಹೇಳಿತು.

ಒಂದು ವಿಪರ್ಯಾಸವನ್ನು ಗಮನಿಸಬೇಕು. ಬಾಗ್ಚಿಯವರಿಗೂ ಚೀನೀ ವಿದ್ಯೆ ಬಂದದ್ದು ಪ್ಯಾರಿಸ್ಸಿನ ಮೂಲಕ. ಚೀನಾದವರಿಂದಲೇ ಚೀನೀ ಕಲಿಯುವ ವ್ಯವಸ್ಥೆಯಾಗಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

ಐವರು ವಿದ್ಯಾರ್ಥಿಗಳ ತರಗತಿ

1924ರ ಏಪ್ರಿಲ್‌ನಲ್ಲಿ ಠಾಕೂರರು ಚೀನಾಕ್ಕೆ ಹೋದರು. ಜತೆಗೆ ಕ್ಷಿತಿಮೋಹನ ಸೇನ್, ಕಲಾವಿದ ನಂದಲಾಲ್ ಬೋಸ್, ಕಾಳಿದಾಸ ನಾಗ್ ಮೊದಲಾದವರಿದ್ದರು. ಕವಿ ಷು ಝಿಮೊ ಅವರ ಮಾತುಗಳನ್ನು ಚೀನೀ ಭಾಷೆಗೆ ತಿಳಿಸುತ್ತಿದ್ದರು. ಪೀಕಿಂಗಿನಲ್ಲಿ ಠಾಕೂರರ ಹುಟ್ಟುಹಬ್ಬದಂದು ವಿದ್ವಾಂಸ ಲಿಯಾಂಗ್ ಚಿಚಾವ್ ಅವರಿಗೆ ಒಂದು ಚೀನೀ ಹೆಸರನ್ನೇ ಇಟ್ಟರು. ಆದರೆ ಎಲ್ಲೆಡೆ ಹೂಮಾಲೆಯ ಸ್ವಾಗತವೇನೂ ಇರಲಿಲ್ಲ. ಪ್ರಾಚೀನ ಸಂಸ್ಕೃತಿಯ ಹಿರಿಮೆಯಿಂದ ನಮ್ಮ ಹೊಟ್ಟೆ ತುಂಬದು, ನಮಗೆ ಬೇಕಾದದ್ದು ವಿಜ್ಞಾನ ಮತ್ತು ಕ್ರಾಂತಿ ಎಂದು ನಂಬಿದ್ದ ಯುವಕರು ಅವರ ಸಭೆಗಳಲ್ಲಿ ವಿರೋಧದ ಕರಪತ್ರ ಹಂಚಿದರು. ಠಾಕೂರರು ನೊಂದರು. ಆದರೂ ಚೀನಾದೊಂದಿಗೆ ವಿದ್ಯೆಯ ನಂಟು ಬೆಳೆಸುವ ಹಂಬಲವನ್ನು ಬಿಡಲಿಲ್ಲ.

ಮೂರು ವರ್ಷಗಳ ಬಳಿಕ ಆಗ್ನೇಯ ಏಷ್ಯಾ ಪ್ರವಾಸದಲ್ಲಿದ್ದಾಗ ಅವರಿಗೆ ತಾನ್ ಯುನ್‌ಷಾನ್ ಎಂಬ ತರುಣ ಅಧ್ಯಾಪಕನ ಭೇಟಿಯಾಯಿತು. ಹುಟ್ಟಿದ್ದು ಹುನಾನ್ ಪ್ರಾಂತದಲ್ಲಿ. ಮಲಯದ ಚೀನೀ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ. ಶಾಂತಿನಿಕೇತನಕ್ಕೆ ಬನ್ನಿ ಎಂದು ಠಾಕೂರರು ಕರೆದರು. 1928ರಲ್ಲಿ ತಾನ್ ಬಂದರು. ಐವರು ವಿದ್ಯಾರ್ಥಿಗಳಿಂದ ಚೀನೀ ತರಗತಿ ಶುರುವಾಯಿತು. ಪಾಠ ಹೇಳುತ್ತಲೇ ತಾನ್ ತಾವೂ ಸಂಸ್ಕೃತ ಕಲಿಯತೊಡಗಿದರು.

ತರಗತಿ ನಡೆಯಲು ಪುಸ್ತಕ ಬೇಕು, ಪುಸ್ತಕ ಇಡಲು ಕಟ್ಟಡ ಬೇಕು. ವಿಶ್ವಭಾರತಿಯ ಬೊಕ್ಕಸ ಸದಾ ಬರಿದು. ತಾನ್ ಚೀನಾಕ್ಕೆ ಮರಳಿ ಊರೂರು ಸುತ್ತಿದರು, ಗಣ್ಯರನ್ನು ಕಂಡರು. 1933ರಲ್ಲಿ ನಾನ್‌ಜಿಂಗ್‌ನಲ್ಲಿ ಚೀನಾ-ಭಾರತ ಸಾಂಸ್ಕೃತಿಕ ಸಂಘ ಹುಟ್ಟಿತು. ಹಣ ಬಂತು. ಬೌದ್ಧ ತ್ರಿಪಿಟಕದ ಚೀನೀ ಆವೃತ್ತಿ, ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಎಂದು ಪೆಟ್ಟಿಗೆಗಟ್ಟಲೆ ಪುಸ್ತಕಗಳು ಬಂದವು.

1937ರ ಏಪ್ರಿಲ್ 14ರಂದು, ಬಂಗಾಳಿ ಹೊಸ ವರ್ಷದ ದಿನ, 'ಚೀನಾ ಭವನ' ಉದ್ಘಾಟನೆಯಾಯಿತು. ಜವಾಹರಲಾಲ್ ನೆಹರೂ ಬರಬೇಕಿತ್ತು. ಕಾಯಿಲೆಯಿಂದ ಬರಲಾಗಲಿಲ್ಲ. ಅವರ ಸಂದೇಶವನ್ನು ತಂದವರು ಮಗಳು ಇಂದಿರಾ. ಮುಂದೆ ಆ ಭವನದ ಗೋಡೆಗಳ ಮೇಲೆ ನಂದಲಾಲ್ ಬೋಸ್ ಮತ್ತು ಬಿನೋದ್ ಬಿಹಾರಿ ಮುಖರ್ಜಿ ಚಿತ್ರ ಬರೆದರು. ಉದ್ಘಾಟನೆಯಾಗಿ ಮೂರು ತಿಂಗಳು ತುಂಬುವುದರೊಳಗೆ, ಜುಲೈನಲ್ಲಿ, ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕಿಳಿಯಿತು.

ಕಳೆದ ಗ್ರಂಥ, ಉಳಿದ ಅನುವಾದ

ಆ ಭವನದಲ್ಲಿ ಮಾಡುತ್ತಿದ್ದುದೇನು? ಒಂದು ಉದಾಹರಣೆ ಸಾಕು.

ಸಾಂಖ್ಯ ದರ್ಶನದ ಪ್ರಮುಖ ಗ್ರಂಥ ಈಶ್ವರಕೃಷ್ಣನ 'ಸಾಂಖ್ಯಕಾರಿಕೆ'. ಆರನೆಯ ಶತಮಾನದಲ್ಲಿ ಉಜ್ಜಯಿನಿಯ ಪರಮಾರ್ಥನೆಂಬ ಬೌದ್ಧ ಪಂಡಿತ ಸಮುದ್ರ ದಾಟಿ ಚೀನಾ ಸೇರಿದ. ಅಲ್ಲಿ ರಾಜಕೀಯ ಗಲಭೆಗಳ ನಡುವೆ ಊರಿಂದೂರಿಗೆ ಅಲೆಯುತ್ತ ಅನುವಾದ ಮಾಡಿದ. ಅವನು ಅನುವಾದಿಸಿದವುಗಳಲ್ಲಿ ಬೌದ್ಧರದ್ದಲ್ಲದ ಈ ಸಾಂಖ್ಯಕಾರಿಕೆಯೂ ಅದರ ಮೇಲಿನ ಒಂದು ವ್ಯಾಖ್ಯಾನವೂ ಸೇರಿದ್ದವು. ಕಾರಿಕೆಗಳು ಸಂಸ್ಕೃತದಲ್ಲಿ ಉಳಿದುಕೊಂಡವು. ಆ ರೂಪದ ವ್ಯಾಖ್ಯಾನ ನಮ್ಮಲ್ಲಿ ಉಳಿಯಲಿಲ್ಲ, ಚೀನೀ ಅನುವಾದದಲ್ಲಿ ಮಾತ್ರ ಉಳಿಯಿತು. ಎನ್. ಅಯ್ಯಸ್ವಾಮಿ ಶಾಸ್ತ್ರಿಗಳು ಅದನ್ನು ಚೀನೀಯಿಂದ ಮರಳಿ ಸಂಸ್ಕೃತಕ್ಕೆ ತಂದರು. 'ಸುವರ್ಣಸಪ್ತತಿ ಶಾಸ್ತ್ರ' ಎಂಬ ಹೆಸರಿನಲ್ಲಿ ಅದು 1944ರಲ್ಲಿ ತಿರುಪತಿಯಿಂದ ಪ್ರಕಟವಾಯಿತು. ಮುಂದೆ ಶಾಸ್ತ್ರಿಗಳು ಚೀನಾ ಭವನದಲ್ಲಿ ಕೆಲಸ ಮಾಡುತ್ತ ಭಾವವಿವೇಕನ 'ಕರತಲರತ್ನ'ವನ್ನು ಹೀಗೆಯೇ ಹೊರತಂದರು. ಕುಮಾರಜೀವ ಐದನೆಯ ಶತಮಾನದ ಆರಂಭದಲ್ಲಿ ಚೀನೀ ಭಾಷೆಗೆ ತಂದಿದ್ದ ಹರಿವರ್ಮನ 'ಸತ್ಯಸಿದ್ಧಿ ಶಾಸ್ತ್ರ'ವೂ ಅವರ ಕೈಯಲ್ಲಿ ಸಂಸ್ಕೃತಕ್ಕೆ ಮರಳಿತು.

ಕಳೆದುಹೋದ ಒಡವೆ ಪಕ್ಕದ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಾಗೆ ಇದು. ಆದರೆ ಸಿಕ್ಕದ್ದು ಒಡವೆಯಲ್ಲ, ಅದರ ಅಚ್ಚು ಎನ್ನುವುದು ಹೆಚ್ಚು ಸರಿ. ಅನುವಾದದಿಂದ ಕಟ್ಟಿದ ಸಂಸ್ಕೃತವು ಮೂಲ ಲೇಖಕನ ಸಂಸ್ಕೃತವೇ ಆಗಿರಬೇಕಾಗಿಲ್ಲ. ಒಂದೇ ಚೀನೀ ಚಿಹ್ನೆಗೆ ಐದಾರು ಸಂಸ್ಕೃತ ಪದಗಳು ಹೊಂದಬಹುದು. ಇದು ಬಲ್ಲವರ ಊಹೆಯೇ ಹೊರತು ಮೂಲಪ್ರತಿಯಲ್ಲ ಎಂಬ ಎಚ್ಚರಿಕೆಯನ್ನು ವಿದ್ವಾಂಸರು ಕೊಡುತ್ತಲೇ ಬಂದಿದ್ದಾರೆ. ಆದರೂ ವಾದ ಏನಿತ್ತು, ಯಾರು ಯಾರನ್ನು ಖಂಡಿಸಿದರು ಎಂಬುದು ತಿಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ.

ಕ್ರಾಂತಿಯ ನಡುವೆ ಪಾಠ

ಇಲ್ಲಿಯವರೆಗೆ ಚೀನೀ ಅಧ್ಯಯನವೆಂದರೆ ಹೆಚ್ಚುಕಡಿಮೆ ಬೌದ್ಧ ಅಧ್ಯಯನವೇ ಆಗಿತ್ತು. ಪ್ರಾಚೀನ ಚೀನಾ ಗೊತ್ತು, ಪಕ್ಕದಲ್ಲಿ ಉರಿಯುತ್ತಿದ್ದ ಚೀನಾ ಗೊತ್ತಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಇದನ್ನು ಸರಿಪಡಿಸುವ ಯತ್ನ ನಡೆಯಿತು. 1947ರಲ್ಲಿ ಸರಕಾರದ ವಿದ್ಯಾರ್ಥಿವೇತನ ಪಡೆದ ಯುವಕರ ಒಂದು ತಂಡ ಪೀಕಿಂಗಿಗೆ ಹೋಯಿತು. ಅದೇ ವರ್ಷ ಬಾಗ್ಚಿಯವರೂ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋದರು.

ಆ ವಿದ್ಯಾರ್ಥಿಗಳಲ್ಲಿ ವಸಂತ ಪರಾಂಜಪೆ ಒಬ್ಬರು. ಅವರು ಓದುತ್ತಿದ್ದಾಗಲೇ, 1949ರ ಜನವರಿಯಲ್ಲಿ, ಕಮ್ಯುನಿಸ್ಟ್ ಸೈನ್ಯ ಪೀಕಿಂಗನ್ನು ಪ್ರವೇಶಿಸಿತು. ಅಕ್ಟೋಬರಿನಲ್ಲಿ ಮಾವೊ ಹೊಸ ಗಣರಾಜ್ಯವನ್ನು ಘೋಷಿಸಿದರು. ಪುಸ್ತಕದಲ್ಲಿ ಕಲಿಯಬೇಕಾದ ಸಮಾಜ ಪರಿವರ್ತನೆ ಕಿಟಕಿಯಾಚೆ ಬೀದಿಯಲ್ಲೇ ನಡೆಯುತ್ತಿತ್ತು. ಪರಾಂಜಪೆ ವಿದೇಶಾಂಗ ಸೇವೆ ಸೇರಿದರು. 1954ರ ಅಕ್ಟೋಬರಿನಲ್ಲಿ ನೆಹರೂ ಚೀನಾಕ್ಕೆ ಹೋಗಿ ಮಾವೊ ಜತೆ ಮಾತನಾಡಿದಾಗ ಭಾರತದ ಕಡೆಯ ದುಭಾಷಿ ಅವರೇ. ದೇಶದ ಪ್ರಧಾನಿ ಪಕ್ಕದ ದೇಶದ ನಾಯಕನೊಡನೆ ಮಾತನಾಡಬೇಕಾದರೆ, ಏಳು ವರ್ಷಗಳ ಹಿಂದೆ ಕೊಟ್ಟ ಒಂದು ವಿದ್ಯಾರ್ಥಿವೇತನ ಎಷ್ಟು ಕೆಲಸಕ್ಕೆ ಬಂತು ನೋಡಿ.

ಆದರೆ ಅಂಥವರು ಬೆರಳೆಣಿಕೆಯಷ್ಟು. 'ಹಿಂದಿ-ಚೀನೀ ಭಾಯಿ ಭಾಯಿ' ಎಂಬ ಘೋಷಣೆ ಬೀದಿಬೀದಿಯಲ್ಲಿ ಕೇಳಿಬಂದ ವರ್ಷಗಳವು. 1957ರ ಜನವರಿಯಲ್ಲಿ ಪ್ರಧಾನಿ ಚೌ ಎನ್ ಲಾಯ್ ಶಾಂತಿನಿಕೇತನಕ್ಕೂ ಬಂದರು, ವಿಶ್ವಭಾರತಿ ಅವರಿಗೆ ದೇಶಿಕೋತ್ತಮ ಪದವಿ ಕೊಟ್ಟಿತು. ಘೋಷಣೆ ಕೂಗಲು ಸಾವಿರಾರು ಜನರಿದ್ದರು. ಚೀನಾದ ಪತ್ರಿಕೆಯನ್ನು, ಪಕ್ಷದ ನಿರ್ಣಯವನ್ನು, ಗಡಿಯ ಹಳೆಯ ದಾಖಲೆಯನ್ನು ಮೂಲದಲ್ಲೇ ಓದಿ ಅರ್ಥ ಹೇಳಬಲ್ಲವರು ಮಾತ್ರ ಸಾಕಷ್ಟಿರಲಿಲ್ಲ. ಸ್ನೇಹವಿದ್ದಾಗ ಕಲಿಯುವ ಅಗತ್ಯ ಕಾಣಲಿಲ್ಲ.

1962

ಆ ಅಗತ್ಯ ಕಂಡದ್ದು 1962ರ ಅಕ್ಟೋಬರ್-ನವೆಂಬರ್ ಯುದ್ಧದಲ್ಲಿ ಸೋತ ಮೇಲೆ. ಆ ಸೋಲಿಗೆ ಸೈನ್ಯದ ಕೊರತೆ, ರಾಜತಾಂತ್ರಿಕ ತಪ್ಪು ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಎದುರಿನವರ ಮನಸ್ಸನ್ನು ಓದಲು ಬೇಕಾದ ವಿದ್ಯೆ ನಮ್ಮಲ್ಲಿ ತೀರ ಕಡಿಮೆಯಿತ್ತು ಎಂಬುದೂ ಆಗ ಅರಿವಿಗೆ ಬಂತು.

ಯುದ್ಧ ಎರಡು ಪರಿಣಾಮಗಳನ್ನು ತಂದಿತು. ಮೊದಲನೆಯದು ಕಹಿ. ಕಲ್ಕತ್ತ, ಅಸ್ಸಾಮ್ ಮೊದಲಾದೆಡೆ ತಲೆಮಾರುಗಳಿಂದ ನೆಲೆಸಿದ್ದ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ಹಿಡಿದು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಇಟ್ಟರು. ಚಪ್ಪಲಿ ಹೊಲಿಯುವವರು, ಚಹಾ ತೋಟದ ಬಡಗಿಗಳು, ಮಕ್ಕಳು, ಮುದುಕರು ಎಂಬ ಭೇದವಿರಲಿಲ್ಲ. ಚೀನೀ ಬಲ್ಲವನೆಂದರೆ ಸಂಶಯಕ್ಕೆ ಗುರಿಯಾಗುವ ಕಾಲವದು. ತಾನ್ ಯುನ್‌ಷಾನ್ ಭಾರತದಲ್ಲೇ ಉಳಿದರು. ಅವರ ಜೀವಮಾನದ ಕನಸು ಕಣ್ಣೆದುರೇ ಸೊರಗಿತು. ಕೊನೆಯ ವರ್ಷಗಳನ್ನು ಬೋಧಗಯೆಯಲ್ಲಿ ಒಂದು ಬೌದ್ಧ ವಿದ್ಯಾಸಂಸ್ಥೆ ಕಟ್ಟುವುದಕ್ಕೆ ಕೊಟ್ಟು, 1983ರಲ್ಲಿ ತೀರಿಕೊಂಡರು.

ಎರಡನೆಯ ಪರಿಣಾಮವೆಂದರೆ, ಚೀನೀ ಅಧ್ಯಯನದ ಕೇಂದ್ರ ಶಾಂತಿನಿಕೇತನದ ಮಾವಿನ ತೋಪಿನಿಂದ ದಿಲ್ಲಿಗೆ ಸಾಗಿತು. 1964ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನ ಕೇಂದ್ರ ಆರಂಭವಾಯಿತು. ಅಮೆರಿಕದ ಫೋರ್ಡ್ ಪ್ರತಿಷ್ಠಾನ ಹಣ ಒದಗಿಸಿತು. ಆ ಹೊತ್ತಿನಲ್ಲೇ 'ಚೈನಾ ರಿಪೋರ್ಟ್' ಪತ್ರಿಕೆ ಹೊರಟಿತು. ಸಪ್ರೂ ಹೌಸ್‌ನಲ್ಲಿ ಅಧ್ಯಾಪಕರು, ರಾಜತಾಂತ್ರಿಕರು, ಪತ್ರಕರ್ತರು ಒಟ್ಟಿಗೆ ಕೂತು ಚೀನಾ ವಿದ್ಯಮಾನಗಳನ್ನು ಚರ್ಚಿಸುವ ಒಂದು ಬಳಗ 1969ರಲ್ಲಿ ರೂಪುಗೊಂಡಿತು. 1990ರಲ್ಲಿ ಅದೇ ಚೀನೀ ಅಧ್ಯಯನ ಸಂಸ್ಥೆಯಾಯಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಬಂದ ಮೇಲೆ ಅಲ್ಲಿ ಚೀನೀ ಭಾಷೆಗೆ ಒಂದು ಕಡೆ, ಪೂರ್ವ ಏಷ್ಯಾದ ರಾಜಕೀಯ-ಸಮಾಜಗಳಿಗೆ ಇನ್ನೊಂದು ಕಡೆ ಸ್ನಾತಕೋತ್ತರ ಅಧ್ಯಯನ ಏರ್ಪಟ್ಟಿತು.

ಹೀಗೆ ವಿಷಯ ಬದಲಾಯಿತು. ನಾಗಾರ್ಜುನ, ವಸುಬಂಧುಗಳ ಜಾಗಕ್ಕೆ ಭೂಸುಧಾರಣೆ, ಕಮ್ಯೂನ್, ಸಾಂಸ್ಕೃತಿಕ ಕ್ರಾಂತಿ ಬಂದವು. ಚೀನಾದ ಹಳ್ಳಿಗಳಲ್ಲಿ ಏನಾಗುತ್ತಿದೆ ಎಂಬುದು ಹಳ್ಳಿಗಳ ದೇಶವಾದ ಭಾರತಕ್ಕೂ ಬೇಕಾದ ಪ್ರಶ್ನೆಯೇ ಆಗಿತ್ತು. ಆದರೆ ಚೀನಾಕ್ಕೆ ಹೋಗುವ ಬಾಗಿಲು ಮುಚ್ಚಿತ್ತು. ಚೀನೀ ಕಲಿಯುವವರು ಹಾಂಗ್‌ಕಾಂಗ್, ತೈವಾನ್, ಅಮೆರಿಕಗಳಿಗೆ ಹೋಗಬೇಕಾಯಿತು. ಹಳೆಯ ಕಥೆಯೇ ಮರಳಿತು. ಜೂಲಿಯೆನ್ ಮತ್ತು ಬೀಲ್‌ರ ಜಾಗಕ್ಕೆ ಹಾಂಗ್‌ಕಾಂಗಿನ ವರದಿಗಳು ಮತ್ತು ಅಮೆರಿಕದ ಪುಸ್ತಕಗಳು ಬಂದವು.

ಆ ಬರಗಾಲದಲ್ಲೂ ಕೆಲವರು ವಿದ್ಯೆಯನ್ನು ಕಾಪಾಡಿದರು. ತಾನ್ ಯುನ್‌ಷಾನರ ಮಗ ತಾನ್ ಚುಂಗ್ ದಿಲ್ಲಿಯ ಎರಡೂ ವಿಶ್ವವಿದ್ಯಾಲಯಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳಿಗೆ ಚೀನೀ ಭಾಷೆ, ಇತಿಹಾಸ ಕಲಿಸಿದರು. ಅವರಿಗೆ 2010ರಲ್ಲಿ ಪದ್ಮಭೂಷಣ ಬಂತು. 'ಉಧ್ವಸ್ತ ಧರ್ಮಶಾಲಾ' ಬರೆದ ಮರಾಠಿ ನಾಟಕಕಾರ ಜಿ.ಪಿ. ದೇಶಪಾಂಡೆ ರಂಗಾಸಕ್ತರಿಗೆ ಗೊತ್ತು. ವೃತ್ತಿಯಿಂದ ಅವರು ಜೆಎನ್‌ಯುನಲ್ಲಿ ಚೀನೀ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು.

ಅತ್ತ ಕಡೆಯ ಒಬ್ಬ

ಚೀನಾದಲ್ಲಿ ಭಾರತವನ್ನು ಓದುವವರ ಸ್ಥಿತಿಯೇನು ಸುಖದ್ದಾಗಿರಲಿಲ್ಲ. ಜಿ ಷಿಯಾನ್‌ಲಿನ್ ಜರ್ಮನಿಯಲ್ಲಿ ಸಂಸ್ಕೃತ ಕಲಿತು, 1946ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಪೌರಸ್ತ್ಯ ಭಾಷೆಗಳ ವಿಭಾಗವನ್ನು ಕಟ್ಟಿದರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಅವಮಾನ, ಹೊಡೆತ ಎಲ್ಲ ಆದವು. ಪ್ರಾಧ್ಯಾಪಕರನ್ನು ಕಾವಲುಗಾರನ ಕೆಲಸಕ್ಕೆ ಹಚ್ಚಿದರು. 1973ರಿಂದ ಅವರು ಸದ್ದಿಲ್ಲದೆ ವಾಲ್ಮೀಕಿ ರಾಮಾಯಣವನ್ನು ಸಂಸ್ಕೃತದಿಂದ ಚೀನೀ ಪದ್ಯಕ್ಕೆ ಅನುವಾದಿಸತೊಡಗಿದರು. ಅಚ್ಚಾಗುವ ಆಸೆಯೇ ಇರದ ಕಾಲದಲ್ಲಿ ಮಾಡಿದ ಕೆಲಸವದು. 1980ರಿಂದ 1984ರ ಒಳಗೆ ಅದು ಪೂರ್ತಿಯಾಗಿ ಅಚ್ಚಾಯಿತು. 2008ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿತು.

ಇನ್ನೂ ಒಂದು ಕೆಲಸ ನಮಗೆ ನೇರವಾಗಿ ಸಂಬಂಧಿಸಿದ್ದು. ಜಿ ಷಿಯಾನ್‌ಲಿನ್ ಮತ್ತು ಸಂಗಡಿಗರು ಹ್ಯುಯೆನ್ ತ್ಸಾಂಗನ ಪ್ರವಾಸ ಕಥನಕ್ಕೆ ವಿಸ್ತಾರವಾದ ಟಿಪ್ಪಣಿಗಳನ್ನು ಬರೆದು 1985ರಲ್ಲಿ ಪ್ರಕಟಿಸಿದರು. ಹೆಸರುಗಳಿಗೆ ಸಂಸ್ಕೃತ ರೂಪ, ಊರುಗಳ ಗುರುತು, ಪಾಠಾಂತರ ಎಲ್ಲ ಅದರಲ್ಲಿವೆ. ಪುಲಕೇಶಿಯ ಕುರಿತು ನಾವು ಈಗಲೂ ತಿರುಗಿಸಿ ನೋಡುವುದು ಹೆಚ್ಚಾಗಿ 1884ರ ಬೀಲ್‌ನ ಇಂಗ್ಲಿಷನ್ನು. ಪುಲಕೇಶಿಯ ರಾಜಧಾನಿಯೆಂದು ಯಾತ್ರಿಕ ವರ್ಣಿಸಿದ ಊರು ಬಾದಾಮಿಯೋ ನಾಸಿಕವೋ ಎಂಬ ಚರ್ಚೆ ನಮ್ಮಲ್ಲಿ ಬಹಳ ಕಾಲ ನಡೆದಿದೆ. ಚೀನೀ ಮೂಲವನ್ನೂ ಅದರ ಹೊಸ ಟಿಪ್ಪಣಿಗಳನ್ನೂ ಓದಬಲ್ಲ ಕರ್ನಾಟಕದ ಇತಿಹಾಸ ವಿದ್ಯಾರ್ಥಿಯೊಬ್ಬ ಈ ಚರ್ಚೆಗಿಳಿದರೆ ಅದಕ್ಕೆ ಬೇರೆಯೇ ಕಳೆ ಬಂದೀತು.

ವಿದ್ಯಾರ್ಥಿಯ ಎದುರಿನ ಬೆಟ್ಟ

ಹಾಗಾದರೆ ಈ ವಿದ್ಯೆ ಎಷ್ಟು ಕಷ್ಟ? ಮಾತಿನಲ್ಲಿ ನಾಲ್ಕು ಸ್ವರಭೇದಗಳಿವೆ. 'ಮಾ' ಎಂಬ ಒಂದೇ ಉಚ್ಚಾರ, ರಾಗ ಬದಲಾದಂತೆ ತಾಯಿ, ಸೆಣಬು, ಕುದುರೆ, ಬೈಗುಳ ಎಂದಾಗುತ್ತದೆ. ಪತ್ರಿಕೆ ಓದಲು ಮೂರು ಸಾವಿರದಷ್ಟು ಅಕ್ಷರಚಿಹ್ನೆಗಳಾದರೂ ಬೇಕು. ಚೀನಾ ಸರಕಾರ 1956ರಿಂದ ಚಿಹ್ನೆಗಳನ್ನು ಸರಳಗೊಳಿಸಿತು. ತೈವಾನ್‌ನಲ್ಲಿ ಹಳೆಯ ರೂಪವೇ ಉಳಿದಿದೆ. ಹೀಗಾಗಿ ಹಳೆಯ ಪುಸ್ತಕ ಓದುವವನು ಎರಡನ್ನೂ ಕಲಿಯಬೇಕು. ಪ್ರಾಚೀನ ಗ್ರಂಥಭಾಷೆಯಂತೂ ಬೇರೆಯೇ. ಹಳಗನ್ನಡ ಕಲಿಯದೆ ಪಂಪನನ್ನು ಓದಲಾಗದು, ಹಾಗೆಯೇ ಅದು.

ನಮಗೆ ಒಂದು ಅನುಕೂಲವೂ ಇದೆ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸ ಮುಖ್ಯ. ಇಂಗ್ಲಿಷ್ ಮಾತನಾಡುವವರಿಗೆ ಅದು ತೊಡಕು, 'ಪ'ಕಾರ 'ಫ'ಕಾರ ತಿದ್ದಿ ಬೆಳೆದ ಕನ್ನಡಿಗರಿಗೆ ಸುಲಭ. ರೋಮನ್ ಲಿಪಿಯಲ್ಲಿ 'ಬ' ಎಂದು ಬರೆಯುವ ಚೀನೀ ಧ್ವನಿ ನಿಜವಾಗಿ ನಮ್ಮ 'ಪ'ಕ್ಕೇ ಹತ್ತಿರ.

ಎರಡು ವರ್ಷದ ಎಂ.ಎ.ಯಲ್ಲಿ ಭಾಷೆ, ಇತಿಹಾಸ, ಸಮಾಜ, ಅರ್ಥವ್ಯವಸ್ಥೆ ಎಲ್ಲವನ್ನೂ ತುಂಬಿದರೆ ಯಾವುದೂ ಪೂರ್ತಿಯಾಗುವುದಿಲ್ಲ ಎಂಬ ದೂರು ಹಳೆಯದು. ಭಾಷೆ ಕಲಿತವರು ದುಭಾಷಿಗಳಾಗಿ ಕಂಪನಿ ಸೇರುತ್ತಾರೆ, ರಾಜಕೀಯ ಓದಿದವರು ಇಂಗ್ಲಿಷ್ ಪುಸ್ತಕಗಳಿಂದಲೇ ಪ್ರಬಂಧ ಮುಗಿಸುತ್ತಾರೆ. ಬಾಗ್ಚಿಯವರಲ್ಲಿ ಒಟ್ಟಿಗಿದ್ದ ಭಾಷೆ ಮತ್ತು ಶಾಸ್ತ್ರ ಈಗ ಎರಡು ಕೋಣೆಗಳಲ್ಲಿವೆ. ಇವುಗಳ ನಡುವಿನ ಬಾಗಿಲು ತೆರೆಯುವುದೇ ಸ್ನಾತಕೋತ್ತರ ಅಧ್ಯಯನದ ಮುಂದಿರುವ ನಿಜವಾದ ಸವಾಲು.

ಮತ್ತೆ ಅದೇ ಬಾಗಿಲು

1976ರಲ್ಲಿ ಎರಡೂ ದೇಶಗಳು ಮತ್ತೆ ರಾಯಭಾರಿಗಳನ್ನು ಕಳಿಸಿಕೊಂಡವು. ಭಾರತದಿಂದ ಹೋದವರು ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್. 1988ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಬೀಜಿಂಗಿಗೆ ಹೋದ ಮೇಲೆ ವಿದ್ಯಾರ್ಥಿ ವಿನಿಮಯಕ್ಕೆ ಚುರುಕು ಬಂತು. ವ್ಯಾಪಾರ ಬೆಳೆದಂತೆ ಚೀನೀ ಕಲಿತವರಿಗೆ ಕೆಲಸವೂ ಸಿಕ್ಕಿತು. ಹೊಸ ವಿಶ್ವವಿದ್ಯಾಲಯಗಳು ಚೀನೀ ತರಗತಿಗಳನ್ನು ತೆರ

ೆದವು.

2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಅದರ ಮರುತಿಂಗಳು ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಶಾಲೆಗಳಲ್ಲಿ ಕಲಿಸಬಹುದಾದ ವಿದೇಶೀ ಭಾಷೆಗಳ ಉದಾಹರಣೆಗಳಲ್ಲಿ ಕೊರಿಯನ್, ಜಪಾನೀ, ಥಾಯ್‌ಗಳಿದ್ದವು. 2019ರ ಕರಡಿನಲ್ಲಿದ್ದ ಚೀನೀ ಇರಲಿಲ್ಲ. ನಿಷೇಧವೇನೂ ಅಲ್ಲ, ವಿಶ್ವವಿದ್ಯಾಲಯಗಳಲ್ಲಿ ಪಾಠ ನಡೆದೇ ಇದೆ. ಆದರೂ ಸೂಚನೆ ಸ್ಪಷ್ಟವಿತ್ತು. ಅದೇ ವರ್ಷ ನಿಂತ ನೇರ ವಿಮಾನಗಳು ಮತ್ತೆ ಹಾರಿದ್ದು 2025ರ ಅಕ್ಟೋಬರ್‌ನಲ್ಲಿ.

ಜಗಳವಾದಾಗ ಆ ಮನೆಯ ಭಾಷೆ ಬೇಡ ಅನ್ನಿಸುವುದು ಮನುಷ್ಯ ಸಹಜ. ಆದರೆ ಈ ನೂರು ವರ್ಷದ ಕಥೆ ಬೇರೆಯೇ ಪಾಠ ಹೇಳುತ್ತದೆ. ಸ್ನೇಹವಿದ್ದಾಗ ಕಲಿಯುವುದೇಕೆ ಎಂದು ಬಿಟ್ಟೆವು, ಜಗಳವಾದಾಗ ಕಲಿಯುವುದು ಹೇಗೆ ಎಂದು ಪರದಾಡಿದೆವು. ಭಾಷೆ ಕಲಿಯಲು ಹತ್ತು ವರ್ಷ ಬೇಕು. ಗಡಿಯಲ್ಲಿ ಪರಿಸ್ಥಿತಿ ಕೆಡಲು ಒಂದು ರಾತ್ರಿ ಸಾಕು.

ಹದಿನಾಲ್ಕು ಶತಮಾನಗಳ ಹಿಂದೆ ಒಬ್ಬ ಭಿಕ್ಷು ಮರಳುಗಾಡು ದಾಟಿ ಬಂದು, ನಾಲಂದೆಯಲ್ಲಿ ಕೂತು ನಮ್ಮ ಭಾಷೆ ಕಲಿತ. 645ರಲ್ಲಿ ಊರಿಗೆ ಮರಳುವಾಗ 657 ಗ್ರಂಥಗಳನ್ನು ಹೊತ್ತೊಯ್ದ, ಉಳಿದ ಆಯುಷ್ಯವನ್ನು ಅವುಗಳ ಅನುವಾದಕ್ಕೆ ಸವೆಸಿದ. ತನ್ನನ್ನು ಆದರಿಸಿದ ಅರಸನಿಗೆ ಹಿತವಾಗದ ಮಾತಾದರೂ, ತೆಂಕಣ ನಾಡಿನ ದೊರೆಯ ಬಗ್ಗೆ ತಿಳಿದದ್ದನ್ನು ತಿಳಿದಂತೆ ಬರೆದ. ಆ ನಾಲ್ಕು ಸಾಲನ್ನು ಅವನ ಭಾಷೆಯಲ್ಲೇ ಓದಿ ಕನ್ನಡದಲ್ಲಿ ಹೇಳುವವರು ನಮ್ಮ ವಿಶ್ವವಿದ್ಯಾಲಯಗಳಿಂದ ಬರಲಿ. ಪುಲಕೇಶಿಯ ನಾಡು ಆ ಯಾತ್ರಿಕನಿಗೆ ಅಷ್ಟು ಋಣಿಯಾಗಿದೆ.